ಎರಡು ಕಣ್ಣು, ಒಂದು ನೋಟ

ಮನುಷ್ಯನಿಗೆ ಎರಡು ಕಣ್ಣುಗಳು ಏಕೆ ಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, ಒಂದು ಹೋದರೆ ಇನ್ನೊಂದಾದರೂ ಇರಲಿ ಎಂಬುದು. ಈ ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಅದು ಅರ್ಧ ಸತ್ಯ. ಎರಡನೆಯ ಕಣ್ಣು ಬರಿಯ ಆಪದ್ಧನವಾಗಿದ್ದರೆ ಪ್ರಕೃತಿಯು ಅದನ್ನು ತಲೆಯ ಇನ್ನೊಂದು ಬದಿಯಲ್ಲಿಟ್ಟು, ಬೆನ್ನ ಹಿಂದಿನ ಅಪಾಯವೂ ಕಾಣುವಂತೆ ಮಾಡಬಹುದಿತ್ತು. ಮೊಲ, ಜಿಂಕೆ, ಕುದುರೆಗಳಲ್ಲಿ ಬಹುಮಟ್ಟಿಗೆ ಆಗಿರುವುದು ಹಾಗೆಯೇ. ಅವುಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿದ್ದು ಸುತ್ತಲಿನ ಬಯಲನ್ನೆಲ್ಲ ಏಕಕಾಲಕ್ಕೆ ಕಾಯುತ್ತವೆ. ಹುಲಿ, ಗೂಬೆ, ಕೋತಿ ಮತ್ತು ಮನುಷ್ಯರಲ್ಲಾದರೋ ಎರಡೂ ಕಣ್ಣುಗಳು ಮುಂದಕ್ಕೆ ನೆಟ್ಟಿವೆ. ನಮ್ಮ ಎರಡು ಕಣ್ಣುಗಳಿಗೆ ಕಾಣುವ ಒಟ್ಟು ವಿಸ್ತಾರ ಸುಮಾರು 190 ಡಿಗ್ರಿ. ಅದರಲ್ಲಿ ಸುಮಾರು 120 ಡಿಗ್ರಿಯಷ್ಟು ಭಾಗವನ್ನು ಎರಡೂ ಒಟ್ಟಿಗೆ ನೋಡುತ್ತವೆ. ಒಂದೇ ದೃಶ್ಯವನ್ನು ಎರಡು ಸಲ ನೋಡುವ ಈ ದುಂದುವೆಚ್ಚ ಏತಕ್ಕೆ? ಅರ್ಥಶಾಸ್ತ್ರ ಓದಿದವನಿಗೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಉತ್ತರ ಕಂಡುಕೊಳ್ಳಲು ಪ್ರಯೋಗಾಲಯ ಬೇಕಿಲ್ಲ. ಮುಚ್ಚಳ ತೆಗೆದ ಎರಡು ಪೆನ್ನುಗಳನ್ನು ಎರಡು ಕೈಗಳಲ್ಲಿ ಹಿಡಿದು, ಒಂದು ಕಣ್ಣನ್ನು ಮುಚ್ಚಿಕೊಂಡು, ಎಡಬಲಗಳಿಂದ ತಂದು ಅವುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಲು ಪ್ರಯತ್ನಿಸಿ. ಹೆಚ್ಚಿನವರಿಗೆ ಮೊದಲ ಯತ್ನದಲ್ಲಿ ಗುರಿ ತಪ್ಪುತ್ತದೆ. ಒಂದು ತುದಿ ಇನ್ನೊಂದರ ಮುಂದೆಯೋ ಹಿಂದೆಯೋ ಹಾದುಹೋಗುತ್ತದೆ. ಎರಡೂ ಕಣ್ಣು ತೆರೆದು ಮಾಡಿದರೆ ಅದೇ ಕೆಲಸ ಲೀಲಾಜಾಲ. ಸೂಜಿಗೆ ದಾರ ಪೋಣಿಸುವಾಗ, ಮೆಟ್ಟಿಲಿಳಿಯುವಾಗ, ಲೋಟಕ್ಕೆ ಕಾಫಿ ಬಗ್ಗಿಸುವಾಗ ನಾವು ಅರಿವಿಲ್ಲದೆ ಬಳಸುವ ಈ ಶಕ್ತಿಗೆ ಇಂಗ್ಲಿಷಿನಲ್ಲಿ ಸ್ಟೀರಿಯೋಪ್ಸಿಸ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಘನದೃಷ್ಟಿ ಎಂದು ಕರೆಯೋಣ.

ಈ ಶಕ್ತಿಯ ಬಗೆಗೆ ಎರಡು ಸಂಗತಿಗಳನ್ನು ಸಾಮಾನ್ಯ ವಿದ್ಯಾವಂತರೂ ತಿಳಿದಿರುವುದು ಅಗತ್ಯ. ಮೊದಲನೆಯದು, ಅದು ಕಣ್ಣಿನಲ್ಲಿಲ್ಲ, ಮಿದುಳಿನಲ್ಲಿದೆ. ಎರಡನೆಯದು, ಅದು ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಿಲ್ಲ. ಬದುಕಿನ ಮೊದಲ ಕೆಲವು ವರ್ಷಗಳಲ್ಲಿ ಬೆಳೆಯುತ್ತದೆ, ಆಗ ಬೆಳೆಯದಿದ್ದರೆ ಮುಂದೆ ಬೆಳೆಯುವುದು ಬಹು ಕಷ್ಟ. ನಮ್ಮ ಅಂಗನವಾಡಿಗಳಲ್ಲಿ ಮತ್ತು ಪ್ರಾಥಮಿಕ ಶಾಲೆಗಳಲ್ಲಿ ಇಂದು ಕುಳಿತಿರುವ ಮಕ್ಕಳ ಮಟ್ಟಿಗೆ ಈ ಎರಡನೆಯ ಸಂಗತಿ ತೀರ ಮಹತ್ವದ್ದು.

ವೀಟ್‌ಸ್ಟನ್ ಕಂಡ ಸತ್ಯ

ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ರೂಢಿ. ಮುಂದಿನ ಮಸೂರದ ಮೂಲಕ ಬಂದ ಬೆಳಕು ಹಿಂಬದಿಯ ಅಕ್ಷಿಪಟಲದ ಮೇಲೆ ಚಿತ್ರ ಮೂಡಿಸುತ್ತದೆ. ಆದರೆ ಅಕ್ಷಿಪಟಲ ಒಂದು ತೆಳುವಾದ ಹಾಳೆ. ಅದರ ಮೇಲೆ ಎಡ-ಬಲ, ಮೇಲೆ-ಕೆಳಗೆ ಇವೆಯೇ ಹೊರತು ಹತ್ತಿರ-ದೂರ ಎಂಬುದಿಲ್ಲ. ಎದುರಿಗಿರುವ ಕಂಬವೂ ಅದರ ಹಿಂದೆ ಅರ್ಧ ಮೈಲಿ ದೂರದ ಗುಡ್ಡವೂ ಅಲ್ಲಿ ಒಂದೇ ಹಾಳೆಯ ಮೇಲಿನ ಗುರುತುಗಳು. ಹೀಗಿದ್ದರೂ ಜಗತ್ತು ನಮಗೆ ಗೋಡೆಗೆ ತೂಗುಹಾಕಿದ ಪಟದಂತೆ ಕಾಣುವುದಿಲ್ಲ.

ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಈ ಒಗಟಿನ ಹೊಸ್ತಿಲಿನವರೆಗೆ ಬಂದಿದ್ದ. ಎಷ್ಟೇ ಕುಶಲತೆಯಿಂದ ಬರೆದರೂ ಚಿತ್ರವು ಎರಡು ಕಣ್ಣುಗಳಿಂದ ನೋಡಿದ ನಿಜವಸ್ತುವಿನಂತೆ ಉಬ್ಬಿ ಕಾಣಲಾರದೆಂದು ಆತ ಗಮನಿಸಿದ್ದ. ವಸ್ತುವಿನ ಹಿಂದಿನ ಭಾಗಗಳು ಒಂದೊಂದು ಕಣ್ಣಿಗೆ ಒಂದೊಂದು ರೀತಿ ಮರೆಯಾಗುತ್ತವೆ ಎಂಬ ಕಾರಣವನ್ನೂ ಗುರುತಿಸಿದ್ದ. ಆದರೆ ಆ ವ್ಯತ್ಯಾಸದಿಂದಲೇ ಆಳದ ಅರಿವು ಹುಟ್ಟುತ್ತದೆಂದು ತೋರಿಸಿಕೊಡಲು ಸುಮಾರು ಮುನ್ನೂರು ವರ್ಷ ಕಾಯಬೇಕಾಯಿತು.

ಅದನ್ನು ಮಾಡಿದವನು ಚಾರ್ಲ್ಸ್ ವೀಟ್‌ಸ್ಟನ್. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ವಿದ್ಯುತ್ ರೋಧವನ್ನು ಅಳೆಯುವ ‘ವೀಟ್‌ಸ್ಟನ್ ಸೇತುವೆ’ಯ ವೀಟ್‌ಸ್ಟನ್ ಈತನೇ. 1838ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆತ ಒಂದು ಪ್ರಬಂಧವನ್ನೂ ಒಂದು ಸರಳ ಉಪಕರಣವನ್ನೂ ಇರಿಸಿದ. ಎರಡು ಕನ್ನಡಿಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿ, ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಇನ್ನೊಂದು ಚಿತ್ರ ಮಾತ್ರ ಕಾಣುವಂತೆ ಮಾಡಿದ್ದ. ಚಿತ್ರಗಳು ಬರಿಯ ಗೆರೆಗಳಲ್ಲಿ ಬರೆದ ಘನ, ಶಂಕು ಮುಂತಾದ ಆಕೃತಿಗಳು. ನೆರಳು-ಬೆಳಕುಗಳ ಸಹಾಯದಿಂದ ಆಳ ಕಾಣುತ್ತಿದೆ ಎಂದು ಯಾರೂ ಆಕ್ಷೇಪಿಸಬಾರದೆಂದು ಆತ ಬೇಕೆಂದೇ ಗೆರೆಚಿತ್ರಗಳನ್ನು ಆರಿಸಿಕೊಂಡಿದ್ದ. ಎಡಗಣ್ಣಿಗೆ ವಸ್ತು ಹೇಗೆ ಕಾಣುವುದೋ ಹಾಗೆ ಒಂದು, ಬಲಗಣ್ಣಿಗೆ ಹೇಗೆ ಕಾಣುವುದೋ ಹಾಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡಿದೊಡನೆ ಚಪ್ಪಟೆ ಗೆರೆಗಳು ಕಾಗದದಿಂದ ಎದ್ದುನಿಂತು ಘನಾಕೃತಿಯಾದವು.

ಅದುವರೆಗೆ ವಿದ್ವಾಂಸರು ಎರಡು ಕಣ್ಣುಗಳ ಚಿತ್ರಗಳು ಬೇರೆಬೇರೆಯಾಗಿರುವುದನ್ನು ಒಂದು ತೊಡಕೆಂದು ಭಾವಿಸಿ, ಇಷ್ಟಾದರೂ ನಮಗೆ ವಸ್ತು ಒಂದೇ ಆಗಿ ಕಾಣುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. ಆ ಭಿನ್ನತೆಯೇ ಮಾಹಿತಿಯೆಂದು ವೀಟ್‌ಸ್ಟನ್ ತೋರಿಸಿದ. ಮರುವರ್ಷವೇ ಛಾಯಾಗ್ರಹಣ ಜಗತ್ತಿಗೆ ಪರಿಚಯವಾಯಿತು. ಸ್ಟೀರಿಯೋಸ್ಕೋಪ್ ಎಂಬ ಆತನ ಉಪಕರಣದ ಸುಧಾರಿತ ರೂಪಗಳು 1851ರ ಲಂಡನ್ ಮಹಾಪ್ರದರ್ಶನದ ಅನಂತರ ಯುರೋಪಿನ ಮನೆಮನೆಗೆ ಹೋದವು. ಅಮೆರಿಕದ ವೈದ್ಯ ಹಾಗೂ ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಅದರ ಅಗ್ಗದ ಮಾದರಿಯೊಂದನ್ನು ರೂಪಿಸಿ, ಎಲ್ಲರಿಗೂ ದೊರೆಯಲೆಂದು ಪೇಟೆಂಟ್ ಪಡೆಯದೆ ಬಿಟ್ಟುಕೊಟ್ಟ. 1984ರಲ್ಲಿ ತೆರೆಕಂಡ ಭಾರತದ ಮೊದಲ ತ್ರೀಡಿ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ನೋಡಲು ಪ್ರೇಕ್ಷಕರು ಹಾಕಿಕೊಂಡ ಕನ್ನಡಕ ಮಾಡಿದ್ದೂ ಇದನ್ನೇ: ಒಂದೊಂದು ಕಣ್ಣಿಗೆ ಒಂದೊಂದು ಚಿತ್ರವನ್ನು ಪ್ರತ್ಯೇಕಿಸಿ ಕೊಟ್ಟಿದ್ದು.

ವ್ಯತ್ಯಾಸದ ಲೆಕ್ಕಾಚಾರ

ವಯಸ್ಕರ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಸುಮಾರು 6.3 ಸೆಂಟಿಮೀಟರ್. ತೋಳು ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದು, ಒಂದು ಸಲ ಎಡಗಣ್ಣು, ಒಂದು ಸಲ ಬಲಗಣ್ಣು ಮುಚ್ಚಿ ನೋಡಿದರೆ ಹಿಂದಿನ ಗೋಡೆಗೆ ಹೋಲಿಸಿದಂತೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಬೆರಳು ಕಣ್ಣಿಗೆ ಹತ್ತಿರ ಬಂದಷ್ಟೂ ಜಿಗಿತ ಹೆಚ್ಚು. ಮಿದುಳು ಪ್ರತಿಕ್ಷಣ ಅಳೆಯುವುದು ಈ ಜಿಗಿತವನ್ನೇ. ಮೇಜಿನ ಮೇಲಿನ ಲೋಟವನ್ನು ದಿಟ್ಟಿಸಿದಾಗ ಅದರ ಚಿತ್ರ ಎರಡೂ ಕಣ್ಣುಗಳಲ್ಲಿ ಅಕ್ಷಿಪಟಲದ ನಡುವೆ ಬೀಳುತ್ತದೆ. ಲೋಟದ ಹಿಂದಿರುವ ತಂಬಿಗೆಯ ಚಿತ್ರವಾದರೋ ಎರಡು ಕಣ್ಣುಗಳಲ್ಲಿ ತುಸು ಬೇರೆಬೇರೆ ಜಾಗಗಳಲ್ಲಿ ಬೀಳುತ್ತದೆ. ವಸ್ತು ಲೋಟಕ್ಕಿಂತ ಹತ್ತಿರವಿದ್ದರೆ ಈ ಸರಿತ ಒಂದು ದಿಕ್ಕಿಗೆ, ದೂರವಿದ್ದರೆ ಇನ್ನೊಂದು ದಿಕ್ಕಿಗೆ. ದಿಕ್ಕಿನಿಂದ ಮುಂದೋ ಹಿಂದೋ ಎಂಬುದು, ಪ್ರಮಾಣದಿಂದ ಎಷ್ಟು ಎಂಬುದು ಗೊತ್ತಾಗುತ್ತದೆ.

ಈ ಅಳತೆಯ ಸೂಕ್ಷ್ಮತೆ ಬೆರಗು ಹುಟ್ಟಿಸುವಂಥದು. ಒಂದು ಡಿಗ್ರಿಯನ್ನು 180 ಭಾಗ ಮಾಡಿದರೆ ಅದರ ಒಂದು ಭಾಗದಷ್ಟು ವ್ಯತ್ಯಾಸವನ್ನು ಆರೋಗ್ಯವಂತ ಕಣ್ಣುಗಳುಳ್ಳ ಅನೇಕರು ಗುರುತಿಸಬಲ್ಲರು. ಅಂದರೆ ಒಂದು ಮೀಟರ್ ದೂರದಲ್ಲಿ ಕೇವಲ ಒಂದೂವರೆ ಮಿಲಿಮೀಟರಿನಷ್ಟು ಹಿಂದೆ-ಮುಂದೆ ಇರುವುದು ತಿಳಿಯುತ್ತದೆ. ಆದರೆ ದೂರ ಹತ್ತುಪಟ್ಟಾದರೆ ಅಂದಾಜಿನ ತಪ್ಪು ನೂರುಪಟ್ಟಾಗುತ್ತದೆ. ಹತ್ತು ಮೀಟರಿನಲ್ಲಿ ಅದು ಸುಮಾರು 15 ಸೆಂಟಿಮೀಟರ್; ನೂರು ಮೀಟರಿನಲ್ಲಿ 15 ಮೀಟರ್. ಆದ್ದರಿಂದ ಘನದೃಷ್ಟಿಯ ನಿಜವಾದ ರಾಜ್ಯ ಕೈಗೆಟಕುವ ದೂರ ಮತ್ತು ಅದರ ಆಸುಪಾಸು. ಕೈಕೆಲಸದ ಜಗತ್ತೇ ಅದರ ಜಗತ್ತು.

ಆ ಮಿತಿಯನ್ನು ದಾಟಬೇಕಾದರೆ ಕಣ್ಣುಗಳ ನಡುವಿನ ಅಂತರವನ್ನೇ ಹೆಚ್ಚಿಸಬೇಕು. ವಿಮಾನದಿಂದ ತುಸು ದೂರದೂರದಲ್ಲಿ ತೆಗೆದ ಎರಡು ಛಾಯಾಚಿತ್ರಗಳನ್ನು ಜೋಡಿಸಿ ಗುಡ್ಡಗಳ ಎತ್ತರ ಗುರುತಿಸುವ ನಕಾಶೆಗಾರರ ವಿದ್ಯೆ ಇದೇ. ನಮ್ಮ ಇಸ್ರೊ 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಬಾಗಿ, ಒಂದೇ ನೆಲವನ್ನು ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಅಂತರದಲ್ಲಿ ಎರಡು ಸಲ ನೋಡುತ್ತಿದ್ದವು. ಆ ಅವಧಿಯಲ್ಲಿ ಉಪಗ್ರಹ ಸಾಗುತ್ತಿದ್ದ ನೂರಾರು ಕಿಲೋಮೀಟರುಗಳೇ ಅದರ ಎರಡು ಕಣ್ಣುಗಳ ನಡುವಿನ ಅಂತರವಾಗಿ, ನೆಲದ ಏರುತಗ್ಗುಗಳು ನಕಾಶೆಯ ಮೇಲೆ ಮೂಡಿದವು. ತತ್ತ್ವ ಮಾತ್ರ ವೀಟ್‌ಸ್ಟನ್ನನ ಕನ್ನಡಿಗಳದೇ.

ಒಕ್ಕಣ್ಣಿನ ನಾಯಕ

ಹಾಗಾದರೆ ಒಂದೇ ಕಣ್ಣುಳ್ಳವರಿಗೆ ದೂರ-ಹತ್ತಿರ ತಿಳಿಯುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಖಂಡಿತ ತಿಳಿಯುತ್ತದೆ. ಮುಂದಿನ ವಸ್ತು ಹಿಂದಿನದನ್ನು ಮರೆಮಾಡುತ್ತದೆ. ದೂರದ ಮನುಷ್ಯ ಚಿಕ್ಕದಾಗಿ ಕಾಣುತ್ತಾನೆ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ತೋರುತ್ತವೆ. ತಲೆ ಆಡಿಸಿದಾಗ ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನ. ಚಿತ್ರಕಾರರು ಇಂಥ ಸುಳಿವುಗಳಿಂದಲೇ ಚಪ್ಪಟೆ ಹಾಳೆಯ ಮೇಲೆ ಬಯಲನ್ನು ಸೃಷ್ಟಿಸುತ್ತಾರೆ.

ಇದಕ್ಕೆ ನಮ್ಮ ಕ್ರಿಕೆಟ್ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಜುಲೈನಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಾದ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಲೋಟಕ್ಕೆ ನೀರು ಸುರಿಯಹೋದರೆ ಅದು ಮೇಜಿನ ಮೇಲೆ ಬೀಳುತ್ತಿತ್ತು. ಎರಡು ಕಣ್ಣು ತೆರೆದು ಆಡಿದರೆ ಎರಡು ಚೆಂಡು ಕಾಣುತ್ತಿದ್ದವು. ಕಡೆಗೆ ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಒಂದೇ ಕಣ್ಣಿನಿಂದ ಆಡಲು ಕಲಿತರು. ಅಪಘಾತವಾದ ಆರು ತಿಂಗಳೊಳಗೆ ಟೆಸ್ಟ್ ಪಂದ್ಯ ಆಡಿದರು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಶತಕ ಹೊಡೆದರು. ಅದೇ ಮಾರ್ಚ್‌ನಲ್ಲಿ, 21ನೆಯ ವಯಸ್ಸಿಗೇ, ಭಾರತ ತಂಡದ ನಾಯಕರಾದರು. ಒಟ್ಟು ಆರು ಟೆಸ್ಟ್ ಶತಕಗಳು ಅವರ ಹೆಸರಿನಲ್ಲಿವೆ.

ಪಟೌಡಿಯವರ ಸಾಧನೆಯಿಂದ ಒಂದು ಕಣ್ಣು ಸಾಕೆಂಬ ತೀರ್ಮಾನಕ್ಕೆ ಬರುವುದು ಮಾತ್ರ ತಪ್ಪು. ಅವರಿಗೆ ತಾವು ಕಳೆದುಕೊಂಡದ್ದೇನೆಂದು ಗೊತ್ತಿತ್ತು. ನೀರು ಮೇಜಿನ ಮೇಲೆ ಬಿದ್ದಾಗ ಅದು ಅವರಿಗೆ ಹೊಸ ಅನುಭವವಾಗಿತ್ತು. ಅದನ್ನು ಸರಿದೂಗಿಸಲು ಅವರು ಹಠದಿಂದ ಶ್ರಮಿಸಿದರು. ಘನದೃಷ್ಟಿಯನ್ನು ಎಂದೂ ಅರಿಯದ ಮಗುವಿನ ಸ್ಥಿತಿ ಇದಕ್ಕಿಂತ ಬೇರೆ. ತನಗೆ ಕಾಣುವ ಚಪ್ಪಟೆ ಜಗತ್ತೇ ಎಲ್ಲರಿಗೂ ಕಾಣುವ ಜಗತ್ತೆಂದು ಅದು ನಂಬಿರುತ್ತದೆ.

ಗಿಡವಾಗಿ ಬಗ್ಗದ್ದು

ಎರಡು ಕಣ್ಣುಗಳ ಸುದ್ದಿ ಎಲ್ಲಿ ಕೂಡುತ್ತದೆ? ಪ್ರತಿ ಕಣ್ಣಿನಿಂದ ಹೊರಟ ನರತಂತುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಎದುರು ಪಕ್ಕಕ್ಕೆ ದಾಟಿ, ಉಳಿದವು ತಮ್ಮ ಪಕ್ಕದಲ್ಲೇ ಮುಂದುವರಿಯುತ್ತವೆ. ಇಂಥದೊಂದು ವ್ಯವಸ್ಥೆಯನ್ನು ನ್ಯೂಟನ್ ತನ್ನ 1704ರ ‘ಆಪ್ಟಿಕ್ಸ್’ ಗ್ರಂಥದಲ್ಲೇ ಊಹಿಸಿದ್ದ. ಇದರಿಂದಾಗಿ ಎದುರಿನ ದೃಶ್ಯದ ಎಡಭಾಗದ ಬಗ್ಗೆ ಎರಡು ಕಣ್ಣುಗಳೂ ಕೊಡುವ ವರದಿ ಮಿದುಳಿನ ಬಲಭಾಗಕ್ಕೆ, ಬಲಭಾಗದ ವರದಿ ಮಿದುಳಿನ ಎಡಭಾಗಕ್ಕೆ ಸೇರುತ್ತದೆ. ಒಂದೇ ಘಟನೆಯ ಬಗ್ಗೆ ಇಬ್ಬರು ಸಾಕ್ಷಿಗಳ ಹೇಳಿಕೆ ಒಂದೇ ಕಡತದಲ್ಲಿ ಸೇರಿದಂತೆ.

ಹೇಳಿಕೆಗಳನ್ನು ಹೋಲಿಸುವ ಕೆಲಸ ಎಷ್ಟು ಮೂಲಭೂತವಾದುದೆಂದು 1960ರಲ್ಲಿ ತೋರಿಸಿದವರು ಬೇಲಾ ಯೂಲೆಸ್. ಹಂಗೆರಿಯಲ್ಲಿ ರೇಡಾರ್ ಎಂಜಿನಿಯರಾಗಿದ್ದು, 1956ರಲ್ಲಿ ಅಮೆರಿಕಕ್ಕೆ ಬಂದು ಬೆಲ್ ಪ್ರಯೋಗಾಲಯ ಸೇರಿದ ಇವರು, ಕಂಪ್ಯೂಟರ್ ಬಳಸಿ ಅಡ್ಡಾದಿಡ್ಡಿ ಚುಕ್ಕೆಗಳ ಎರಡು ಚಿತ್ರಗಳನ್ನು ತಯಾರಿಸಿದರು. ಒಂದೊಂದನ್ನೇ ನೋಡಿದರೆ ಚುಕ್ಕೆಗಳ ಹೊರತು ಏನೂ ಇಲ್ಲ. ಒಂದು ಚಿತ್ರದಲ್ಲಿ ನಡುವಿನ ಒಂದು ಚೌಕದಷ್ಟು ಚುಕ್ಕೆಗಳನ್ನು ಮಾತ್ರ ತುಸು ಪಕ್ಕಕ್ಕೆ ಸರಿಸಿದ್ದರು. ಎರಡು ಕಣ್ಣುಗಳಿಗೆ ಎರಡನ್ನೂ ಒಟ್ಟಿಗೆ ತೋರಿಸಿದಾಗ ಆ ಚೌಕ ಗಾಳಿಯಲ್ಲಿ ತೇಲಿದಂತೆ ಎದ್ದುಬಂತು. ವಸ್ತು ಯಾವುದೆಂದು ಗುರುತಿಸುವ ಮೊದಲೇ ಮಿದುಳು ಹೋಲಿಕೆ ಮುಗಿಸಿರುತ್ತದೆಂದು ಇದರಿಂದ ಖಚಿತವಾಯಿತು. ಹುಲ್ಲಿನ ಬಣ್ಣದಲ್ಲೇ ಬೆರೆತು ಕುಳಿತ ಬೇಟೆಯನ್ನು ಹುಲಿ ಕಂಡುಹಿಡಿಯಲು ಇಂಥ ಶಕ್ತಿ ಎಷ್ಟು ಉಪಯುಕ್ತವೆಂದು ವಿವರಿಸಬೇಕಾಗಿಲ್ಲ. 1967ರಲ್ಲಿ ಬಾರ್ಲೊ, ಬ್ಲೇಕ್‌ಮೋರ್ ಮತ್ತು ಪೆಟಿಗ್ರೂ ಎಂಬ ವಿಜ್ಞಾನಿಗಳು, ಎರಡು ಕಣ್ಣುಗಳ ಚಿತ್ರಗಳಲ್ಲಿ ನಿರ್ದಿಷ್ಟ ಪ್ರಮಾಣದ ವ್ಯತ್ಯಾಸವಿದ್ದಾಗ ಮಾತ್ರ ಪ್ರಬಲವಾಗಿ ಸ್ಪಂದಿಸುವ ನರಕೋಶಗಳನ್ನು ಬೆಕ್ಕಿನ ಮಿದುಳಿನಲ್ಲಿ ಗುರುತಿಸಿದರು.

ಈ ಕೋಶಗಳು ತಾವಾಗಿಯೇ ಉಳಿದು ಬಾಳುವುದಿಲ್ಲ ಎಂಬುದು ಹಾರ್ವರ್ಡ್‌ನ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಅವರ ಶೋಧನೆ. 1963ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ತಿಂಗಳು ಹೊಲಿದು ಮುಚ್ಚಲಾಗಿತ್ತು. ಮತ್ತೆ ತೆರೆದಾಗ ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ಮಿದುಳಿನಲ್ಲಿ ಅದರ ಮಾತಿಗೆ ಕಿವಿಗೊಡುವ ಕೋಶಗಳು ಬಹುಪಾಲು ಉಳಿದಿರಲಿಲ್ಲ. ಅವುಗಳ ಜಾಗವನ್ನು ತೆರೆದ ಕಣ್ಣು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕುಗಳಲ್ಲಿ ಹೀಗೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಎರಡು ವರ್ಷಗಳ ಅನಂತರ, ಕೃತಕವಾಗಿ ಮೆಳ್ಳೆಗಣ್ಣು ಉಂಟುಮಾಡಿದ ಮರಿಗಳಲ್ಲಿ ಎರಡು ಕಣ್ಣುಗಳೂ ಚೆನ್ನಾಗಿ ಕಂಡರೂ ಎರಡಕ್ಕೂ ಒಟ್ಟಿಗೆ ಸ್ಪಂದಿಸುವ ಕೋಶಗಳು ಬಹಳ ಕಡಿಮೆಯಾಗುವುದನ್ನು ಅವರು ತೋರಿಸಿದರು. 1981ರ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರೂ ಪಾಲುದಾರರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಗೆ ಇದಕ್ಕಿಂತ ಖಚಿತವಾದ ಪುರಾವೆ ಬೇಕಿಲ್ಲ.

ಮನುಷ್ಯಶಿಶುವಿನಲ್ಲಿ ಘನದೃಷ್ಟಿ ಮೊಳೆಯುವುದು ಸುಮಾರು ನಾಲ್ಕನೆಯ ತಿಂಗಳಿನಲ್ಲಿ. ಅಲ್ಲಿಂದ ಏಳೆಂಟು ವರ್ಷದವರೆಗೆ ದೃಷ್ಟಿಯ ನರವ್ಯವಸ್ಥೆ ಮೃದುವಾಗಿರುತ್ತದೆ. ಕೆಡುವುದೂ ಸುಲಭ, ತಿದ್ದುವುದೂ ಸುಲಭ. ಈ ಅವಧಿಯಲ್ಲಿ ಒಂದು ಕಣ್ಣು ಓರೆಯಾಗಿದ್ದರೆ, ಇಲ್ಲವೇ ಒಂದರ ಪವರ್ ಇನ್ನೊಂದಕ್ಕಿಂತ ಬಹಳ ಭಿನ್ನವಾಗಿದ್ದರೆ, ಇಲ್ಲವೇ ಹುಟ್ಟಿನಿಂದ ಬಂದ ಪೊರೆ ಬೆಳಕನ್ನು ತಡೆದರೆ, ಮಿದುಳು ಆ ಕಣ್ಣಿನ ವರದಿಯನ್ನು ತಳ್ಳಿಹಾಕಲು ಕಲಿಯುತ್ತದೆ. ಕ್ರಮೇಣ ಕನ್ನಡಕ ಹಾಕಿದರೂ ಆ ಕಣ್ಣಿಗೆ ಸ್ಪಷ್ಟವಾಗಿ ಕಾಣದಂತಾಗುತ್ತದೆ. ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ. ಜನ ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಸೋಮಾರಿತನ ಆ ಕಣ್ಣಿನದಲ್ಲ, ಅದಕ್ಕೆ ಕೆಲಸವನ್ನೇ ಕೊಟ್ಟಿಲ್ಲ. ವಿವಿಧ ಅಧ್ಯಯನಗಳ ಪ್ರಕಾರ ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಈ ತೊಂದರೆ ಇರುತ್ತದೆ.

ಅರಿವಿಗೆ ಬಾರದ ಕೊರತೆ

ಅಮೆರಿಕದ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ನರವಿಜ್ಞಾನದ ಪ್ರಾಧ್ಯಾಪಕಿಯಾಗಿದ್ದ ಸೂಸನ್ ಬ್ಯಾರಿ ಅವರಿಗೆ ಶೈಶವದಿಂದಲೂ ಮೆಳ್ಳೆಗಣ್ಣಿತ್ತು. ಬಾಲ್ಯದಲ್ಲಿ ಮೂರು ಶಸ್ತ್ರಚಿಕಿತ್ಸೆಗಳಾಗಿ ಕಣ್ಣುಗಳು ನೋಡಲು ನೇರವಾದವು. ಎಲ್ಲವೂ ಸರಿಹೋಯಿತೆಂದು ಮನೆಯವರು ನಂಬಿದರು. ತನಗೆ ಘನದೃಷ್ಟಿಯೇ ಇಲ್ಲವೆಂಬುದು ಅವರಿಗೆ ತಿಳಿದದ್ದು ಕಾಲೇಜಿನ ತರಗತಿಯೊಂದರಲ್ಲಿ, ಹ್ಯೂಬೆಲ್-ವೀಸೆಲ್ ಪ್ರಯೋಗಗಳ ಪಾಠ ಕೇಳುವಾಗ. ವಿದ್ಯಾವಂತ ಕುಟುಂಬದ, ವೈದ್ಯರ ಕಣ್ಗಾವಲಿನಲ್ಲೇ ಬೆಳೆದ ಹುಡುಗಿಗೆ ಇದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತೆಂದರೆ ನಮ್ಮ ಹಳ್ಳಿಯ ಮಗುವಿನ ಪಾಡೇನು?

ಬ್ಯಾರಿ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರಲ್ಲಿ, 48ನೆಯ ವಯಸ್ಸಿನಲ್ಲಿ, ಎರಡು ಕಣ್ಣುಗಳನ್ನೂ ಒಂದೇ ಬಿಂದುವಿನ ಮೇಲೆ ನಿಲ್ಲಿಸುವ ಅಭ್ಯಾಸವನ್ನು ತಜ್ಞರೊಬ್ಬರ ಮಾರ್ಗದರ್ಶನದಲ್ಲಿ ಆರಂಭಿಸಿದರು. ಒಂದು ದಿನ ಕಾರಿನಲ್ಲಿ ಕುಳಿತಾಗ ಸ್ಟಿಯರಿಂಗ್ ಚಕ್ರ ತನ್ನ ಹಿಂದಿನ ಫಲಕದಿಂದ ಬೇರೆಯಾಗಿ, ಮುಂದಕ್ಕೆ ಚಾಚಿಕೊಂಡು ಕಂಡಿತು. ಮುಂದೆ ಹಿಮ ಸುರಿಯುವಾಗ, ಅದುವರೆಗೆ ಎದುರಿನ ಪರದೆಯ ಮೇಲೆ ಬೀಳುವಂತಿದ್ದ ಹಿಮದ ಎಸಳುಗಳ ನಡುವೆ ತಾವೇ ನಿಂತಿರುವ ಅನುಭವವಾಯಿತು. ಆಲಿವರ್ ಸ್ಯಾಕ್ಸ್ 2006ರಲ್ಲಿ ಅವರ ಬಗ್ಗೆ ಬರೆದ ಲೇಖನ ಪ್ರಸಿದ್ಧವಾಯಿತು. ಬ್ಯಾರಿ ಅವರೇ 2009ರಲ್ಲಿ ‘ಫಿಕ್ಸಿಂಗ್ ಮೈ ಗೇಜ್’ ಎಂಬ ಪುಸ್ತಕ ಬರೆದರು. ಭಾರತ ಮೂಲದ ವಿಜ್ಞಾನಿ ಪವನ್ ಸಿನ್ಹಾ 2005ರಲ್ಲಿ ದೆಹಲಿಯಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಕೂಡ, ಹುಟ್ಟಿನಿಂದ ಪೊರೆಯಿದ್ದ ಮಕ್ಕಳು ತಡವಾಗಿ ಶಸ್ತ್ರಚಿಕಿತ್ಸೆ ಪಡೆದರೂ ಸಾಕಷ್ಟು ನೋಡಲು ಕಲಿಯಬಲ್ಲರೆಂದು ತೋರಿಸಿದೆ. ಅಂದರೆ ಬಾಗಿಲು ಪೂರ್ತಿ ಮುಚ್ಚಿಬಿಡುವುದಿಲ್ಲ. ವಯಸ್ಸಾದಂತೆಲ್ಲ ಕಿರಿದಾಗುತ್ತದೆ, ಒಳಹೋಗುವ ಶ್ರಮ ಹೆಚ್ಚುತ್ತದೆ. ದೊಡ್ಡವರಿಗೆ ಇದು ಸಮಾಧಾನದ ಮಾತು. ಚಿಕ್ಕವರ ವಿಷಯದಲ್ಲಿ ತಡಮಾಡಲು ನೆಪವಲ್ಲ.

ಎಣಿಕೆಗೆ ಬಾರದ ಮಕ್ಕಳು

ಅರ್ಥಶಾಸ್ತ್ರದಲ್ಲಿ ಬೇಡಿಕೆ ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಕೊರತೆಯ ಅರಿವಿದ್ದವನು ಮಾತ್ರ ಬೇಡಿಕೆ ಸಲ್ಲಿಸಬಲ್ಲ. ಕಣ್ಣಿಗೆ ಪೊರೆ ಬಂದ ವೃದ್ಧರು ತಮಗೆ ಕಾಣದಾಗಿದೆಯೆಂದು ಮಗನಿಗೆ ಹೇಳುತ್ತಾರೆ, ಶಿಬಿರಕ್ಕೆ ಬರುತ್ತಾರೆ. ಒಂದೇ ಕಣ್ಣಿನಲ್ಲಿ ನೋಡುತ್ತಿರುವ ನಾಲ್ಕು ವರ್ಷದ ಮಗು ಏನನ್ನೂ ಹೇಳುವುದಿಲ್ಲ. ಒಳ್ಳೆಯ ಕಣ್ಣಿನಿಂದ ಕಪ್ಪುಹಲಗೆಯ ಅಕ್ಷರಗಳನ್ನೆಲ್ಲ ಓದಿಬಿಡುತ್ತದೆ. ಹೊರಗಿನಿಂದ ಎರಡು ಕಣ್ಣುಗಳೂ ನೇರವಾಗಿದ್ದು, ಪವರ್ ಮಾತ್ರ ಭಿನ್ನವಾಗಿದ್ದರಂತೂ ತಾಯಿಗೂ ಶಿಕ್ಷಕಿಗೂ ಸಂಶಯವೇ ಬರುವುದಿಲ್ಲ. ಇಂಥ ಕಡೆ ಮಾರುಕಟ್ಟೆ ತಾನಾಗಿ ಕೆಲಸ ಮಾಡದು. ಸಮಾಜವೇ ಹುಡುಕಿಕೊಂಡು ಹೋಗಬೇಕು.

ಹುಡುಕುವ ಯಂತ್ರಾಂಗ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದ ಮೊದಲ ದೇಶಗಳಲ್ಲಿ ಭಾರತವೂ ಒಂದು. ಅದು ಆರಂಭವಾದದ್ದು 1976ರಲ್ಲಿ. ಅದಕ್ಕೂ ಮುಂಚೆ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಜಾರಿಗೆ ಬಂದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಅವರು ಪರೀಕ್ಷಿಸಬೇಕಾದ 30ರಷ್ಟು ತೊಂದರೆಗಳಲ್ಲಿ ದೃಷ್ಟಿದೋಷವೂ ಸೇರಿದೆ.

ಕೊರತೆಯಿರುವುದು ಎಣಿಕೆಯ ವಿಧಾನದಲ್ಲಿ. ಅಂಧತ್ವದ ಸರ್ಕಾರಿ ವ್ಯಾಖ್ಯೆ ಎರಡು ಕಣ್ಣುಗಳಲ್ಲಿ ಉತ್ತಮವಾಗಿರುವುದನ್ನು ಆಧಾರವಾಗಿಟ್ಟುಕೊಳ್ಳುತ್ತದೆ. ವ್ಯಾಖ್ಯೆಯ ಉದ್ದೇಶಕ್ಕೆ ಅದು ಸರಿಯೇ. ಆದರೆ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ನಿರುಪಯುಕ್ತವಾಗುತ್ತಿರುವ ಮಗು ಹೀಗಾಗಿ ಯಾವ ಅಂಕಿಅಂಶದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಪ್ರಗತಿ ಪರಿಶೀಲನಾ ಸಭೆಗಳ ಪರಿಚಯ ಚೆನ್ನಾಗಿಯೇ ಇದೆ. ಪೊರೆ ಶಸ್ತ್ರಚಿಕಿತ್ಸೆಗೆ ‘ಗುರಿ ಇಷ್ಟು, ಸಾಧನೆ ಇಷ್ಟು’ ಎಂಬ ಅಂಕಣಗಳಿರುತ್ತಿದ್ದವು. ಶಾಲಾ ಮಕ್ಕಳ ವಿಷಯಕ್ಕೆ ಬಂದರೆ ‘ತಪಾಸಣೆಗೊಳಗಾದವರ ಸಂಖ್ಯೆ’ ಎಂಬ ಅಂಕಣದಲ್ಲಿ ದೊಡ್ಡ ಅಂಕಿಯಿರುತ್ತಿತ್ತು. ಅವರಲ್ಲಿ ಎಷ್ಟು ಮಕ್ಕಳ ದುರ್ಬಲ ಕಣ್ಣಿಗೆ ದೃಷ್ಟಿ ಮರಳಿತು ಎಂದು ಕೇಳುವ ಅಂಕಣವನ್ನು ನಾನು ಕಾಣಲಿಲ್ಲ.

ಚಿಕಿತ್ಸೆ ದುಬಾರಿಯೂ ಅಲ್ಲ. ಮೊದಲು ಸರಿಯಾದ ಕನ್ನಡಕ. ಅದು ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ದಿನದ ಕೆಲವು ಹೊತ್ತು ಪಟ್ಟಿ ಕಟ್ಟಿ ದುರ್ಬಲ ಕಣ್ಣಿಗೆ ಕೆಲಸ ಕೊಡುವುದು. ಫ್ರಾನ್ಸಿನ ಬಫನ್ ಎಂಬ ವಿದ್ವಾಂಸ 1743ರಲ್ಲೇ ಸೂಚಿಸಿದ್ದ ಉಪಾಯವಿದು. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ, ತೊಂದರೆ ಮಧ್ಯಮ ಪ್ರಮಾಣದ್ದಾಗಿದ್ದರೆ, ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟುವುದು ಆರು ಗಂಟೆ ಕಟ್ಟುವಷ್ಟೇ ಫಲಕಾರಿಯೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆಯ ತಾಳ್ಮೆ. ಅದಕ್ಕೆ ಪ್ರತಿಯಾಗಿ ಉಳಿಯುವುದು ಒಂದು ಇಡೀ ಜೀವನದ ಎರಡನೆಯ ಕಣ್ಣು. ಒಳ್ಳೆಯ ಕಣ್ಣಿಗೆ ಮುಂದೆಂದಾದರೂ ಪೆಟ್ಟಾದರೆ ಆಸರೆಯಾಗುವುದು ಅದೇ. ಯುದ್ಧವಿಮಾನದ ಪೈಲಟ್ ಹುದ್ದೆಯಂಥ ಕೆಲವು ಉದ್ಯೋಗಗಳ ಬಾಗಿಲು ತೆರೆದಿರುವುದೂ ಎರಡೂ ಕಣ್ಣು ಕೂಡಿ ನೋಡಿದರೆ ಮಾತ್ರ. ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಇಪ್ಪತ್ತರ ಹರೆಯದಲ್ಲಿ ಮೊದಲ ಬಾರಿಗೆ ಈ ದೋಷ ತಿಳಿದರೆ ಮಾಡಬಹುದಾದದ್ದು ಬಹಳ ಕಡಿಮೆ.

ಆದ್ದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಂದನೆಯ ತರಗತಿಗೆ ಸೇರುವ ಮುನ್ನ ಪ್ರತಿ ಮಗುವಿನ ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ, ಒಂದನ್ನು ಪೂರ್ತಿ ಮುಚ್ಚಿ, ಪರೀಕ್ಷಿಸುವುದು ಕಡ್ಡಾಯವಾಗಬೇಕು. ಎರಡೂ ಕಣ್ಣು ತೆರೆದು ಓದಿಸುವ ತಪಾಸಣೆ ಈ ದೋಷದ ಮಟ್ಟಿಗೆ ತಪಾಸಣೆಯೇ ಅಲ್ಲ. ಅಕ್ಷರ ಬಾರದ ಮಕ್ಕಳಿಗೆ ಚಿತ್ರಗಳ ಫಲಕಗಳಿವೆ. ಉತ್ತರ ಹೇಳಲಾಗದ ಕೂಸುಗಳಿಗೆ ಕೈಯಲ್ಲಿ ಹಿಡಿದು ಪರೀಕ್ಷಿಸುವ ಉಪಕರಣಗಳಿವೆ. ಅಂಗನವಾಡಿ ಕಾರ್ಯಕರ್ತೆಗೆ ಇದಕ್ಕಾಗಿ ಅರ್ಧ ದಿನದ ತರಬೇತಿ ಸಾಕು. ವರದಿಯ ನಮೂನೆಯಲ್ಲಿ ತಪಾಸಣೆಯ ಸಂಖ್ಯೆಯ ಪಕ್ಕದಲ್ಲಿ ಕನ್ನಡಕ ದೊರೆತವರು, ಆರು ತಿಂಗಳ ಅನಂತರವೂ ಧರಿಸುತ್ತಿರುವವರು, ದೃಷ್ಟಿ ಸುಧಾರಿಸಿದವರು ಎಂಬ ಮೂರು ಅಂಕಣಗಳನ್ನು ಸೇರಿಸಬೇಕು.

ಮನೆಯಲ್ಲಿಯೂ ಕೆಲವು ನಂಬಿಕೆಗಳನ್ನು ಬಿಡಬೇಕಾಗಿದೆ. ಮೆಳ್ಳೆಗಣ್ಣು ಅದೃಷ್ಟದ ಗುರುತು, ಬೆಳೆದಂತೆ ತಾನಾಗಿಯೇ ಸರಿಹೋಗುತ್ತದೆ ಎಂಬ ಮಾತುಗಳು ಇಂದಿಗೂ ಕೇಳಿಬರುತ್ತವೆ. ಮೊದಲ ಮೂರು-ನಾಲ್ಕು ತಿಂಗಳು ಶಿಶುವಿನ ಕಣ್ಣು ಆಗಾಗ ಓರೆಯಾಗುವುದು ಸಹಜ. ಅನಂತರವೂ ಹಾಗೆಯೇ ಇದ್ದರೆ, ಅಥವಾ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಒಯ್ಯಬೇಕು. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಮದುವೆಗೆ ತೊಡಕಾದೀತೆಂದು ಹಿಂಜರಿಯುವವರು, ಮೆಳ್ಳೆಗಣ್ಣನ್ನು ಮದುವೆಯ ವಯಸ್ಸಿಗೆ ಬಂದಾಗ ಅಂದಕ್ಕಾಗಿ ನೇರ ಮಾಡಿಸಿದರಾಯಿತೆಂದು ಕಾಯುವವರು, ಅಷ್ಟರಲ್ಲಿ ಕಳೆದುಹೋಗುವುದು ಅಂದವಲ್ಲ, ನೋಟ ಎಂಬುದನ್ನು ಅರಿಯಬೇಕು.

ಓದುಗರಲ್ಲಿ ಅನೇಕರ ಮನೆಗಳಲ್ಲಿ ಐದು ವರ್ಷದೊಳಗಿನ ಮೊಮ್ಮಕ್ಕಳಿರಬಹುದು. ಆಟದ ನೆಪದಲ್ಲಿ ಅವರ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿನ ಗೋಡೆಯ ಮೇಲಿನ ಚಿತ್ರವನ್ನು ಗುರುತಿಸಲು ಹೇಳಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿರುವ ಮಗು ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ಅಳತೊಡಗಿದರೆ ಅದನ್ನು ಹಠವೆಂದು ಗದರಿಸದಿರಿ. ನೀವು ಮುಚ್ಚಿದ್ದು ಅದಕ್ಕೆ ಕಾಣುವ ಒಂದೇ ಕಣ್ಣನ್ನು ಇದ್ದೀತು. ಇದು ವೈದ್ಯರ ಪರೀಕ್ಷೆಗೆ ಬದಲಿಯಾಗಲಾರದು. ಆದರೆ ವೈದ್ಯರಲ್ಲಿಗೆ ಹೊರಡಲು ಅಷ್ಟು ಕಾರಣ ಸಾಕು.